ಬಾಯಿಪಾಠ

ಡಿಗ್ರಿಗೆ ಸಂಸ್ಕೃತ ತೆಗೆದುಕೊಂಡಿದ್ದೇನೆ ಎಂದು ನಾನು ಹೇಳಿದಾಗ ಅಪ್ಪ ಒಂದು ಸ್ಕೂಟರಿನ ಸೀಟಿಗೆ ರೆಕ್ಸಿನ್ ಎಳೆದು ಕೂರಿಸುತ್ತಿದ್ದರು. ಕುದ್ರೋಳಿಯಲ್ಲಿ ನಮ್ಮದು ಸೀಟ್ ಕವರಿನ ಸಣ್ಣ ಅಂಗಡಿ. ತುಟಿಗಳ ನಡುವೆ ಹಿಡಿದುಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ಹೊಡೆದು ಮುಗಿಸಿದ ಮೇಲೆಯೇ ಅವರ ಬಾಯಿ ಬಿಡುವಾದದ್ದು.

“ಅದು ಭಟ್ರು ಓದುವುದಲ್ವಾ?”

“ಯಾರು ಬೇಕಾದ್ರೂ ಓದಬಹುದು ಅಪ್ಪ.”

“ಓದಿ ಎಂತ ಮಾಡುವುದು?”

ಟೀಚರ್ ಆಗ್ತೇನೆ ಎಂದೆ. ಆ ಹೊತ್ತಿಗೆ ಬಾಯಿಗೆ ಬಂದ ಉತ್ತರ ಅದು. ಒಳಗೆ ಬೀಡಿ ಎಲೆ ತುಂಬಿದ ಮೊರದಂಥ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಕೂತಿದ್ದ ಅಮ್ಮ ಕೈ ನಿಲ್ಲಿಸದೆ ಹೇಳಿದರು, “ಅವಳಿಗೆ ಇಷ್ಟ ಉಂಟಲ್ಲ, ಓದಲಿ ಮಾರಾಯ್ರೆ.” ಅಷ್ಟಕ್ಕೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳೆಲ್ಲ ಹೀಗೆಯೇ ಮುಗಿಯುವುದು.

ನಿಜ ಹೇಳುವುದಾದರೆ ನಾನು ಸಂಸ್ಕೃತಕ್ಕೆ ಬಂದದ್ದು ಮಾರ್ಕಿನ ದಾರಿಯಿಂದ. ಹೈಸ್ಕೂಲಿನಲ್ಲಿ ಅದನ್ನು ತೆಗೆದುಕೊಂಡರೆ ಔಟ್ ಆಫ್ ಔಟ್ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಉತ್ತರಗಳನ್ನು ಬಾಯಿಪಾಠ ಮಾಡಿ ಬರೆದರಾಯಿತು, ಒಂದು ವಾಕ್ಯವೂ ಅರ್ಥವಾಗಬೇಕಾಗಿಲ್ಲ. ನನಗೂ ಬಂತು. ಆದರೆ ಆ ಬಾಯಿಪಾಠದ ನಡುವೆ ಎಲ್ಲೋ ದ್ವಿವಚನ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ಒಂದಕ್ಕೆ ಒಂದು ರೂಪ, ಬಹಳಕ್ಕೆ ಒಂದು ರೂಪ, ನಡುವೆ ಎರಡಕ್ಕೆಂದೇ ಬೇರೆ ರೂಪ. ಅಮ್ಮ ಮತ್ತು ನಾನು ಕೂತು ಗಂಜಿ ಉಂಡರೆ ಅದಕ್ಕೊಂದು ಕ್ರಿಯಾಪದ, ಅಪ್ಪನೂ ಬಂದು ಕೂತರೆ ಇನ್ನೊಂದು. ಇಬ್ಬರು ಇರುವುದು ಎಂದರೆ ಬೇರೆಯೇ ಒಂದು ಸ್ಥಿತಿ ಎಂದು ಯಾರೋ ಯಾವ ಕಾಲದಲ್ಲೋ ಕಂಡುಕೊಂಡಿದ್ದಾರಲ್ಲ ಎಂದು ಹದಿನೈದು ವರ್ಷದ ನನಗೆ ಮೈ ಜುಮ್ಮೆಂದಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಿದ್ದರು.

ನಗರದ ಹಳೆಯ ಕಾಲೇಜೊಂದರಲ್ಲಿ ಇತಿಹಾಸ, ಕನ್ನಡ, ಸಂಸ್ಕೃತ ಎಂಬ ಕಾಂಬಿನೇಶನ್ ಆಗ ಇನ್ನೂ ಇತ್ತು. ಮೊದಲ ವರ್ಷ ನಾವು ಏಳು ಜನ. ಬೇರೆ ಕಡೆ ಸೀಟು ಸಿಗದೆ, ಮಾರ್ಕಾದರೂ ಬರಲಿ ಎಂದು ಬಂದವರೇ ಹೆಚ್ಚು. ಸಂಸ್ಕೃತಕ್ಕೆ ಇದ್ದದ್ದು ಒಬ್ಬರೇ ಮೇಷ್ಟ್ರು, ಅತಿಥಿ ಉಪನ್ಯಾಸಕರು. ಐವತ್ತು ದಾಟಿದವರು, ದೇವಸ್ಥಾನದ ಅರ್ಚಕರ ಮನೆತನ. ಶಕ್ತಿನಗರದ ತಮ್ಮ ಮನೆಯ ಹತ್ತಿರದ ಗುಡಿಯಲ್ಲಿ ಬೆಳಗಿನ ಪೂಜೆ ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು, ಹಂಪನಕಟ್ಟೆಯಲ್ಲಿ ಬಸ್ಸಿಳಿದು ಬರುತ್ತಿದ್ದರು. ಅಂಗಿಯ ಕಾಲರಿನ ಮೇಲೆ ಒಣಗಿದ ಗಂಧದ ಪುಡಿ ಯಾವಾಗಲೂ ಇರುತ್ತಿತ್ತು.

ಮೊದಲ ದಿನ ಅವರು ಕೇಳಿದರು, “ಮಾರ್ಕಿಗೆ ಬಂದವರು ಎಷ್ಟು ಜನ?”

ಏಳೂ ಕೈ ಎದ್ದವು.

“ಒಳ್ಳೆಯದು. ಸುಳ್ಳು ಹೇಳುವವರು ಯಾರೂ ಇಲ್ಲ.”

ಅವರು ಸುಲಭದ ಮನುಷ್ಯರಾಗಿರಲಿಲ್ಲ. ನನ್ನ ಮಹಾಪ್ರಾಣಗಳು ಸರಿ ಇರಲಿಲ್ಲ. ಮನೆಯಲ್ಲಿ ತುಳು, ಅದರಲ್ಲಿ ‘ಖ’ವೂ ಇಲ್ಲ ‘ಘ’ವೂ ಇಲ್ಲ. ಬಾಯಿಯ ಮುಂದೆ ಬಸ್ ಟಿಕೆಟ್ ಹಿಡಿದುಕೊಂಡು ಹೇಳಲು ಹೇಳಿದರು. ‘ಕ’ ಎಂದಾಗ ಕಾಗದ ಸುಮ್ಮನಿರಬೇಕು, ‘ಖ’ ಎಂದಾಗ ಅಲ್ಲಾಡಬೇಕು. ನನ್ನದು ಎರಡಕ್ಕೂ ಸುಮ್ಮನಿತ್ತು. ನಾಲ್ಕನೇ ಸಲವೂ ಹಾಗೇ ಆದಾಗ, “ನಿಮ್ಮ ಕಡೆಯವರ ಬಾಯಿಗೆ ಇದು ಬರುವುದು ಕಷ್ಟ” ಎಂದುಬಿಟ್ಟರು.

ನಿಮ್ಮ ಕಡೆ ಎಂದರೆ ಯಾವ ಕಡೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಎರಡು ದಿನ ಕ್ಲಾಸಿಗೆ ಹೋಗದೆ ಅಂಗಡಿಯಲ್ಲಿ ಅಪ್ಪನ ಹತ್ತಿರ ಕೂತು ರೆಕ್ಸಿನ್ ಕತ್ತರಿಸಿದೆ. ಮೂರನೇ ದಿನ ಹೋದಾಗ ಅವರು ಕ್ಷಮೆ ಕೇಳಲಿಲ್ಲ. ತಮ್ಮ ಜೇಬಿನಿಂದ ಟಿಕೆಟ್ ತೆಗೆದು ತಮ್ಮದೇ ಬಾಯಿಯ ಮುಂದೆ ಹಿಡಿದು, ತುಳುವಿನಲ್ಲಿ ಒಂದಷ್ಟು ಮಾತಾಡಿ ತೋರಿಸಿದರು. ಕಾಗದ ಅಲ್ಲಾಡಲಿಲ್ಲ. “ನನ್ನ ಅಜ್ಜನದ್ದೂ ಹೀಗೆಯೇ. ಮಂತ್ರದಲ್ಲಿ ಮಹಾಪ್ರಾಣ ಬರ್ತಿತ್ತು, ಮಾತಿನಲ್ಲಿ ಇಲ್ಲ. ನೀನು ಕಲಿತರೆ ನಿನಗೂ ಬರ್ತದೆ” ಎಂದರು. ಬಂತು. ಮನೆಯಲ್ಲಿ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ನಿಂತು ಬರಿಸಿಕೊಂಡೆ.

ಎರಡನೇ ವರ್ಷಕ್ಕೆ ನಾವು ಮೂವರಾದೆವು. ಆ ವರ್ಷವೇ ಪ್ರಾಂಶುಪಾಲರ ಸಹಿಯ ನೋಟಿಸು ಬಂತು. ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ಇರುವವರು ಮುಗಿಸಿದ ಮೇಲೆ ವಿಭಾಗ ಮುಚ್ಚುತ್ತದೆ. ಮೂವರಲ್ಲಿ ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬ ಬಿಕಾಂಗೆ ಹೋದ. ಮೂರನೇ ವರ್ಷದ ಮೊದಲ ದಿನ ನಾನೊಬ್ಬಳೇ ಬೆಂಚಿನಲ್ಲಿ ಕೂತಿದ್ದೆ. ಮೇಷ್ಟ್ರು ಬಂದು ಹಾಜರಿ ಪುಸ್ತಕ ತೆರೆದು, ನನ್ನ ಹೆಸರು ಕರೆದು, ಗುರುತು ಹಾಕಿ, ಮುಚ್ಚಿದರು.

“ಈ ವರ್ಷ ನಮ್ಮ ತರಗತಿ ದ್ವಿವಚನ” ಎಂದರು.

ಆ ರೂಮು ಕಂಪ್ಯೂಟರ್ ಲ್ಯಾಬ್ ಆಯಿತು. ನಮಗೆ ಲೈಬ್ರರಿಯಲ್ಲಿ ಹಳೆಯ ಪೇಪರುಗಳ ಕಟ್ಟಿನ ಹಿಂದೆ ಒಂದು ಮೇಜು ಕೊಟ್ಟರು. ಅಲ್ಲಿ ಜೋರಾಗಿ ಓದುವ ಹಾಗಿರಲಿಲ್ಲ. ಸಾವಿರಾರು ವರ್ಷ ಗಟ್ಟಿಯಾಗಿ ಹೇಳಿಸಿಕೊಂಡ ಭಾಷೆಯನ್ನು ನಾವಿಬ್ಬರು ಪಿಸುಮಾತಿನಲ್ಲಿ ಓದಿದೆವು. ಆದರೂ ಅದು ನನ್ನ ಜೀವನದ ಒಳ್ಳೆಯ ವರ್ಷ. ಸಿಲೆಬಸ್ ಬೇಗ ಮುಗಿಸಿ ಅವರು ತಮಗೆ ಇಷ್ಟವಾದದ್ದನ್ನು ತರುತ್ತಿದ್ದರು. ಉದ್ದದ ಸಮಾಸ ಬಂದರೆ ಬಿಡಿಸಿ ಕೊಡುತ್ತಿರಲಿಲ್ಲ. ನಾನೇ ಬಿಡಿಸುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಿರುತ್ತಿದ್ದರು. ಅರ್ಧ ಗಂಟೆಯಾದರೂ ಕೂತಿರುತ್ತಿದ್ದರು. ಸರಿಯಾಗಿ ಬಿಡಿಸಿದಾಗ ಹೊಗಳುತ್ತಲೂ ಇರಲಿಲ್ಲ, “ಮುಂದೆ” ಎನ್ನುತ್ತಿದ್ದರು. ಆ ‘ಮುಂದೆ’ಗಾಗಿ ನಾನು ಏನು ಬೇಕಾದರೂ ಓದುತ್ತಿದ್ದೆ.

ಕೊನೆಯ ಸೆಮಿಸ್ಟರಿನ ಒಂದು ಮಂಗಳವಾರ ಅವರು ಬರಲಿಲ್ಲ. ಒಂದು ಗಂಟೆ ಕಾದು ಅವರ ಫೋನಿಗೆ ಕರೆ ಮಾಡಿದೆ. ಅವರ ಹೆಂಡತಿ ಎತ್ತಿದರು. ಅವರೂ ಟೀಚರ್, ಪ್ರೈಮರಿ ಶಾಲೆಯಲ್ಲಿ. ನಾನು ಮೇಡಂ ಎನ್ನುತ್ತಿದ್ದೆ. ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಆರತಿಯ ತಟ್ಟೆ ಬಲಗೈಯಿಂದ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಕುಸಿದರಂತೆ.

“ಅತ್ತಾವರದ ಆಸ್ಪತ್ರೆಯಲ್ಲಿದ್ದೇವೆ. ಸ್ಟ್ರೋಕ್ ಅಂತ ಹೇಳ್ತಾರೆ. ಈಗ ಬರುವುದು ಬೇಡ, ಯಾರನ್ನೂ ಬಿಡುವುದಿಲ್ಲ.”

ವಾರ್ಡಿಗೆ ತಂದ ಮೇಲೆ, ಐದನೇ ದಿನ ಹೋದೆ. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದ್ದೋ ವಸ್ತುವಿನ ಹಾಗೆ ಬಿದ್ದಿತ್ತು. ನನ್ನನ್ನು ನೋಡಿ ಗುರುತು ಹಿಡಿದರು, ಅದು ಕಣ್ಣಿನಲ್ಲಿ ಗೊತ್ತಾಯಿತು. ಏನೋ ಹೇಳಲು ಬಾಯಿ ತೆರೆದರು. “ತ, ತ, ತ” ಎಂಬ ಸದ್ದಷ್ಟೇ ಬಂತು. ತುಳು ಹೋಗಿತ್ತು, ಕನ್ನಡ ಹೋಗಿತ್ತು, ಹೆಂಡತಿಯ ಹೆಸರು ಹೋಗಿತ್ತು.

“ಮಂತ್ರ ಮಾತ್ರ ಉಂಟು” ಎಂದರು ಮೇಡಂ. ಅವರ ದನಿಯಲ್ಲಿ ಆಶ್ಚರ್ಯವೂ ಇತ್ತು, ಹೆದರಿಕೆಯೂ ಇತ್ತು. “ನಿನ್ನೆ ಬೆಳಿಗ್ಗೆ ಎಚ್ಚರ ಆದ ಕೂಡಲೇ ಪೂರ್ತಿ ಹೇಳಿದ್ರು. ಒಂದಕ್ಷರ ತಪ್ಪಿಲ್ಲ. ನೀರು ಬೇಕಾ ಅಂತ ಕೇಳಿದ್ರೆ ಮಾತ್ರ ಬಾಯಿ ಬರುವುದಿಲ್ಲ.”

ಅವರು ಔಷಧಿ ತರಲು ಕೆಳಗೆ ಹೋಗುವಾಗ ನನ್ನನ್ನು ಕೂತಿರಲು ಹೇಳಿದರು. ಆಮೇಲೆ ನಡೆದದ್ದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಸುಮ್ಮನೆ ಕೂರಲು ನನಗೆ ಆಗಲಿಲ್ಲ. ಮೆಲ್ಲಗೆ “ನದೀ” ಎಂದೆ, ಮೊದಲ ವರ್ಷದಲ್ಲಿ ಅವರು ನಮಗೆ ಕಲಿಸಿದ ಶಬ್ದರೂಪ. ಅವರ ಬಾಯಿ ತಾನಾಗಿ ಮುಂದುವರಿಯಿತು. “ನದ್ಯೌ, ನದ್ಯಃ. ನದೀಮ್, ನದ್ಯೌ, ನದೀಃ.” ಸ್ವಚ್ಛವಾದ, ಹಳೆಯ ದನಿ. ಇಪ್ಪತ್ತನಾಲ್ಕು ರೂಪಗಳೂ ಬಂದವು. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಎಲ್ಲ ಹೋದರೂ ನಮ್ಮದು ಉಳಿದಿದೆ ಎಂದುಕೊಂಡೆ. ನಮ್ಮದು ಎಂದೇ ಅಂದುಕೊಂಡೆ. ಇನ್ನೊಂದು ಶಬ್ದ ಕೊಟ್ಟೆ, ಅದೂ ಬಂತು. ಮತ್ತೊಂದು ಕೊಟ್ಟೆ. ಅವರ ಎಡಗೈ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದಿತ್ತು, ಮುಖ ಕೆಂಪಾಗಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ನೆನಪಿಸಿಕೊಳ್ಳುವ ಶ್ರಮ ಅದು ಎಂದು ನಾನು ತಿಳಿದೆ.

“ಸರಿ ಉಂಟು ಸರ್, ಒಂದೂ ತಪ್ಪಿಲ್ಲ” ಎಂದೆ. ಮಗುವಿಗೆ ಹೇಳುವ ಹಾಗೆ ಹೇಳಿದೆ.

ಅವರು ಅಳಲು ಶುರು ಮಾಡಿದರು. ಅಳುತ್ತಲೇ ರೂಪಗಳನ್ನು ಹೇಳುತ್ತಿದ್ದರು, ನಿಲ್ಲಿಸಲು ಅವರಿಗೆ ಆಗುತ್ತಿರಲಿಲ್ಲ. ಆಗ ಹಾಸಿಗೆಯ ಬಟ್ಟೆ ಒದ್ದೆಯಾಗುತ್ತಾ ಬಂದದ್ದು ಕಂಡಿತು. ಮೂತ್ರಕ್ಕೆ ಹಾಕಿದ್ದ ಟ್ಯೂಬನ್ನು ಅಂದು ಬೆಳಿಗ್ಗೆಯಷ್ಟೇ ತೆಗೆದಿದ್ದರು. ಅವರು ಅಷ್ಟೂ ಹೊತ್ತು ನನ್ನಲ್ಲಿ ಕೇಳುತ್ತಿದ್ದದ್ದು ಅದನ್ನು. ಕೇಳಲು ಬಾಯಿ ತೆರೆದಾಗಲೆಲ್ಲ ಬಂದದ್ದು ನಾನು ಎಳೆದು ತೆಗೆದ ವಿಭಕ್ತಿಗಳು.

ನರ್ಸ್ ಬಂದು ಪರದೆ ಎಳೆದರು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಮೇಡಂ ಔಷಧಿಯ ಚೀಟಿ ಹಿಡಿದುಕೊಂಡು ಬಂದು “ಎಂತಾಯ್ತು?” ಎಂದು ಕೇಳಿದಾಗ “ಬಟ್ಟೆ ಬದಲಿಸ್ತಿದ್ದಾರೆ” ಎಂದೆ. ಅದು ಸುಳ್ಳಲ್ಲ.

ಮರುದಿನ ಮಾತು ಕಲಿಸುವ ಥೆರಪಿಸ್ಟ್ ಬಂದಿದ್ದಳು, ನನಗಿಂತ ಮೂರು ನಾಲ್ಕು ವರ್ಷಕ್ಕೆ ದೊಡ್ಡವಳಾದ ಹುಡುಗಿ. ಮಾತು ಬಾರದವರಿಗೆ ಮಂತ್ರ ಹೇಗೆ ಬರುತ್ತದೆ ಎಂದು ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ.

“ಅದು ಮಾತಲ್ಲ” ಎಂದಳು. “ಮಗ್ಗಿ, ಪ್ರಾರ್ಥನೆ, ಸಣ್ಣದಿರುವಾಗ ಬಾಯಿಪಾಠ ಮಾಡಿದ ಹಾಡು, ಅದೆಲ್ಲ ಮೆದುಳಿನಲ್ಲಿ ಬೇರೆ ದಾರಿಯಲ್ಲಿ ಬರ್ತದೆ. ಕೆಲವರಿಗೆ ಬೈಗುಳ ಮಾತ್ರ ಉಳೀತದೆ. ಇವರಿಗೆ ಇದು ಉಳಿದಿದೆ.”

“ಅವರಿಗೆ ನಾವು ಹೇಳುವುದು ಅರ್ಥ ಆಗ್ತದಾ?”

“ತುಂಬ ಅರ್ಥ ಆಗ್ತದೆ. ಅದೇ ಕಷ್ಟ. ತಾನು ಹೇಳಬೇಕಾದದ್ದು ಒಂದು, ಬಾಯಿಗೆ ಬರುವುದು ಇನ್ನೊಂದು ಅಂತ ಅವರಿಗೆ ಗೊತ್ತುಂಟು.”

ಅಷ್ಟರಲ್ಲಿ ಮೇಷ್ಟ್ರು ಮಂತ್ರ ಹೇಳುವುದನ್ನು ಅವರ ಸಂಬಂಧಿಕರಲ್ಲಿ ಯಾರೋ ಫೋನಿನಲ್ಲಿ ವಿಡಿಯೋ ಮಾಡಿದ್ದರು. ಮಾತು ಹೋದರೂ ದೇವಭಾಷೆ ಹೋಗಲಿಲ್ಲ ಎಂದು ಬರೆದು ಗ್ರೂಪುಗಳಿಗೆ ಕಳಿಸಿದರು. ಅದು ಕುದ್ರೋಳಿಯ ನಮ್ಮ ಅಂಗಡಿಗೂ ಬಂತು. ಗಿರಾಕಿಯೊಬ್ಬರು ಅಪ್ಪನಿಗೆ ತೋರಿಸಿದರಂತೆ. ಮೇಷ್ಟ್ರನ್ನು ಶಕ್ತಿನಗರದ ಮನೆಗೆ ಕರೆತಂದ ಮೇಲೆ ಜನ ನೋಡಲು ಬರತೊಡಗಿದರು. ಪ್ರಾಂಶುಪಾಲರೂ ಬಂದರು, ಹಣ್ಣಿನ ಬುಟ್ಟಿ, ಶಾಲು. ಭಾಷೆಯ ಶಕ್ತಿ ಎಂಬ ವಿಷಯದ ಮೇಲೆ ಐದು ನಿಮಿಷ ಮಾತಾಡಿ, ಫೋಟೋ ತೆಗೆಸಿಕೊಂಡು ಹೋದರು. ವಿಭಾಗ ಮುಚ್ಚುವ ನೋಟಿಸಿಗೆ ಸಹಿ ಹಾಕಿದ ಕೈಯಲ್ಲೇ ಶಾಲು ಹೊದಿಸಿದರು. ಅದು ಅವರಿಗೆ ನೆನಪೂ ಇದ್ದಿರಲಿಕ್ಕಿಲ್ಲ.

ಒಂದು ಭಾನುವಾರ ನಾನಿದ್ದಾಗ ಮೇಷ್ಟ್ರ ದೊಡ್ಡಪ್ಪನ ಮಗನೊಬ್ಬರು ನಾಲ್ಕು ಜನರನ್ನು ಕರೆದುಕೊಂಡು ಬಂದು, “ಹೇಳು, ಇವರಿಗೊಮ್ಮೆ ಹೇಳು” ಎಂದು ತಾವೇ ಮಂತ್ರದ ಮೊದಲ ಪದ ಎತ್ತಿಕೊಟ್ಟರು. ಮೇಷ್ಟ್ರ ಬಾಯಿ ಹೊರಟಿತು. ಎಡಗೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತು. ಆ ಹಿಡಿತ ನನಗೆ ಗೊತ್ತಿತ್ತು.

“ಹೇಳಿಸಬೇಡಿ, ಅವರಿಗೆ ಕಷ್ಟ ಆಗ್ತದೆ” ಎಂದೆ.

ದೊಡ್ಡಪ್ಪನ ಮಗ ತಿರುಗಿ ನೋಡಿದರು. “ನೀವು ಯಾರ ಪೈಕಿ?”

“ನಾನು ಸರ್‌ನ ಸ್ಟೂಡೆಂಟ್.”

“ಎಲ್ಲಿ ಮನೆ?”

“ಕುದ್ರೋಳಿ.”

“ಓ.” ಆ ಓ ಎಂಬುದನ್ನು ಅವರು ಸ್ವಲ್ಪ ಉದ್ದ ಎಳೆದರು. “ಸ್ಟೂಡೆಂಟ್ ಆದ್ರೆ ಕೂತು ಕೇಳಿ. ಇಂಥದ್ದು ಇನ್ನು ಕೇಳಲಿಕ್ಕೆ ಸಿಗುವುದಿಲ್ಲ.”

ಒಳಗಿನಿಂದ ಮೇಡಂ ಬಂದರು. ಕೈಯಲ್ಲಿ ಬಾರ್ಲಿ ನೀರಿನ ಲೋಟ. ಬಂದವರಿಗೆ ಕೈ ಮುಗಿದು, “ಅವರು ಇನ್ನು ಮಲಗಬೇಕು. ನೀವು ಹೊರಡಿ” ಎಂದರು. ಆಮೇಲೆ ಬಾಗಿಲು ಹಾಕಿ ಚಿಲಕ ಇಟ್ಟರು. ಒಳಗೆ ಜನ ಇರುವಾಗ ಆ ಮನೆಯ ಬಾಗಿಲು ಹಗಲಲ್ಲಿ ಮುಚ್ಚಿದ್ದು ಅದೇ ಮೊದಲಂತೆ.

ಪರೀಕ್ಷೆ ಬಂತು. ನನ್ನ ವಿಷಯಕ್ಕೆ ನಾನೊಬ್ಬಳೇ. ಒಂದೇ ಪ್ರಶ್ನೆಪತ್ರಿಕೆ ಇದ್ದ ಲಕೋಟೆಯನ್ನು ನನ್ನ ಎದುರಿಗೇ ಬಿಚ್ಚಿ, ನಿಯಮದ ಪ್ರಕಾರ ನನ್ನಿಂದಲೇ ಸಾಕ್ಷಿ ಸಹಿ ಹಾಕಿಸಿಕೊಂಡರು. ನಲವತ್ತು ಡೆಸ್ಕುಗಳ ಹಾಲ್, ಮೂರು ಫ್ಯಾನು, ನಾನು. ಬರೆಯುತ್ತಾ ಹೋದೆ. ಒಂದು ಹಂತದಲ್ಲಿ ಕೈ ತಾನಾಗಿ ಬರೆಯುತ್ತಿದೆ, ನಾನು ಯೋಚಿಸುತ್ತಲೇ ಇಲ್ಲ ಎಂದು ಗಮನಕ್ಕೆ ಬಂತು. ವ್ಯಾಖ್ಯಾನ, ಉದಾಹರಣೆ, ಸೂತ್ರ, ಎಲ್ಲವೂ ಕ್ರಮವಾಗಿ ಹರಿದು ಬರುತ್ತಿತ್ತು. ಪೆನ್ನು ಕೆಳಗಿಟ್ಟೆ. ಇದರಲ್ಲಿ ನಾನು ಕಲಿತದ್ದು ಎಷ್ಟು, ನನ್ನ ಕೈ ಕಲಿತದ್ದು ಎಷ್ಟು? ನನಗೆ ನಿಜವಾಗಿ ಹೇಳಬೇಕಾದ ಒಂದು ಮಾತು ಬಂದರೆ, ಮೂರು ವರ್ಷ ಓದಿದ ಈ ಭಾಷೆಯಲ್ಲಿ ಅದನ್ನು ಹೇಳಲು ಆಗುತ್ತದಾ? ಹತ್ತು ನಿಮಿಷ ಹಾಗೆಯೇ ಕೂತಿದ್ದೆ. ಮೇಲ್ವಿಚಾರಕಿ ಹತ್ತಿರ ಬಂದು ಹುಷಾರಿಲ್ವಾ ಎಂದು ಕೇಳಿದ ಮೇಲೆ ಪೆನ್ನು ಎತ್ತಿಕೊಂಡೆ. ಫಲಿತಾಂಶದಲ್ಲಿ ನಾನೇ ಮೊದಲು. ಎರಡನೆಯವರು ಯಾರೂ ಇರಲಿಲ್ಲ.

ಎಂಎಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಿತು. ಹೋಗಲಿಲ್ಲ. ಮೇಡಂಗೆ ಮಧ್ಯಾಹ್ನದವರೆಗೆ ಶಾಲೆ ಇರುತ್ತದೆ, ಯಾರಾದರೂ ಜತೆಗಿರಬೇಕು ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಕಾರಣ ಅದೊಂದೇ ಅಲ್ಲ. ಪುಸ್ತಕ ತೆರೆದರೆ ಆ ಒದ್ದೆ ಹಾಸಿಗೆ ಕಾಣುತ್ತಿತ್ತು.

ವಾರಕ್ಕೆ ನಾಲ್ಕು ದಿನ ಶಕ್ತಿನಗರಕ್ಕೆ ಹೋದೆ. ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಳು: ಲೋಟ, ಬಾಳೆಹಣ್ಣು, ಚಾದರ, ಬಾಗಿಲು. ಮನೆಯ ಭಾಷೆಯಲ್ಲೇ ಕಲಿಸಿ ಎಂದಿದ್ದಳು. ಹಾಗಾಗಿ ತುಳುವಿನಲ್ಲಿ. ಲೋಟ ತೋರಿಸಿ “ನೀರ್” ಎನ್ನುವುದು, ಅವರ ಎಡಗೈಯನ್ನು ಲೋಟಕ್ಕೆ ಮುಟ್ಟಿಸುವುದು, ಮತ್ತೆ “ನೀರ್.” ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಒಂದು ಕಾಲದಲ್ಲಿ ನಾನು ಅವರ ತುಟಿಯನ್ನು ಹಾಗೆ ನೋಡಿದ್ದೆ. ಬಾಯಿ ಮುಂದೆ ಚಾಚಿ, ಬೆವರಿ, ಕೊನೆಗೆ ಯಾವುದೋ ಶ್ಲೋಕದ ತುಂಡು ಜಾರಿ ಹೊರಗೆ ಬಂದಾಗ ಅವರು ಎಡಗೈಯಿಂದ ತಮ್ಮ ಬಾಯಿಗೇ ಹೊಡೆದುಕೊಳ್ಳುತ್ತಿದ್ದರು. ಆ ಕೈಯನ್ನು ಹಿಡಿದುಕೊಳ್ಳುವುದೂ ನನ್ನ ಕೆಲಸವಾಯಿತು.

ಐದು ವಾರವಾದ ಮೇಲೆ ಒಂದು ಸೆಕೆಯ ಮಧ್ಯಾಹ್ನ “ನೀರ್” ಎಂದರು.

ನಾನು ಎದ್ದು ಅಡುಗೆಮನೆಗೆ ಓಡಿ ನೀರು ತಂದೆ. ಕುಡಿದರು. ಬಾಳೆಹಣ್ಣಿನ ಕಾರ್ಡು ತೋರಿಸಿದೆ. “ನೀರ್” ಎಂದರು. ಬಾಗಿಲು ತೋರಿಸಿದೆ. “ನೀರ್.” ನನ್ನನ್ನೇ ತೋರಿಸಿಕೊಂಡೆ. ಅವರು ಬಹಳ ಹೊತ್ತು ನೋಡಿ, “ನೀರ್” ಎಂದು ಹೇಳಿ ತಲೆ ತಗ್ಗಿಸಿದರು. ತಪ್ಪು ಎಂದು ಅವರಿಗೆ ಗೊತ್ತಿತ್ತು.

ಎರಡನೆಯ ಮಾತು ಬರಲು ಇನ್ನೆರಡು ತಿಂಗಳು ಬೇಕಾಯಿತು. ಅದನ್ನು ನಾನು ಕಲಿಸಲಿಲ್ಲ. ಮೇಡಂ ಗಂಜಿಯ ಚಮಚ ಮುಂದೆ ಹಿಡಿದಾಗ ತಾನಾಗಿ ಬಂತು. “ಬೋಡ್ಚಿ.” ಬೇಡ. ಮೇಡಂ ಚಮಚ ಹಿಡಿದುಕೊಂಡೇ ಅತ್ತರು, ನಕ್ಕರು. ಅಂದು ಮನೆಗೆ ಬಂದು ಅಮ್ಮನಿಗೆ ಹೇಳಿದೆ.

“ಈಗ ಎಷ್ಟು ಮಾತು ಬರ್ತದೆ ಮಾಸ್ಟ್ರಿಗೆ?” ಎಂದು ಅಮ್ಮ ಕೇಳಿದರು.

“ಎರಡು.”

“ನೀರು ಕೇಳ್ತಾರೆ, ಬೇಡ ಹೇಳ್ತಾರೆ.” ಅಮ್ಮ ಬೀಡಿಯ ತುದಿ ಮಡಚಿದರು. “ಸಾಕಲ್ಲ ಮಗಾ. ಇನ್ನು ಎಂತ ಬೇಕು?”

ನನಗೆ ಸಾಕಾಗಲಿಲ್ಲ. ಎರಡು ಮಾತು ಬಂದ ಮೇಲೆ ನನ್ನೊಳಗೆ ಮತ್ತೆ ಆಸೆ ಹುಟ್ಟಿತು. ಒಂದು ದಿನ ಅವರ ಕಪಾಟಿನಿಂದ ನಾವು ಲೈಬ್ರರಿಯ ಮೂಲೆಯಲ್ಲಿ ಓದುತ್ತಿದ್ದ ಪುಸ್ತಕವನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ. ಹೇಳಿಸಲಿಕ್ಕಲ್ಲ, ನೋಡಲಿ ಎಂದಷ್ಟೇ. ಅಂಚಿನಲ್ಲೆಲ್ಲ ಅವರದೇ ಅಕ್ಷರ, ನನ್ನ ಪೆನ್ಸಿಲಿನ ಗೀಟುಗಳು. ಅವರು ಪುಟವನ್ನು ನೋಡಿದರು. ಬೆರಳಿನಿಂದ ಒಂದು ಸಾಲನ್ನು ಮುಟ್ಟಿದರು. ಆಮೇಲೆ ಪುಸ್ತಕವನ್ನು ಎಡಗೈಯಿಂದ ಮೆಲ್ಲಗೆ ದೂಡಿದರು. ಅದು ನೆಲಕ್ಕೆ ಬಿತ್ತು.

“ಬೋಡ್ಚಿ.”

ಎತ್ತಿ ಮತ್ತೆ ಇಡಲು ಹೋದೆ. “ಬೋಡ್ಚಿ” ಎಂದರು, ಇನ್ನೂ ಸ್ಪಷ್ಟವಾಗಿ.

ಅವರಲ್ಲಿ ಇದ್ದದ್ದೇ ಎರಡು ಮಾತು. ಪುಸ್ತಕಕ್ಕೆ ನೀರ್ ಎನ್ನಲಾಗುವುದಿಲ್ಲ, ಉಳಿದದ್ದು ಇನ್ನೊಂದು. ಅಷ್ಟೇ ಇರಬಹುದು. ಅಥವಾ ಇಡೀ ಆಯುಷ್ಯವನ್ನು ಕೊಟ್ಟು ಕಲಿತದ್ದು ಕೊನೆಗೆ ಒಂದು ಲೋಟ ನೀರಿಗೂ ಒದಗಲಿಲ್ಲ, ಇನ್ನು ಬೇಡ ಎಂದೇ ಹೇಳಿದರೋ ಏನೋ. ಆ ಮುಖವನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಎರಡರಲ್ಲಿ ಯಾವುದು ಎಂದು ಇಂದಿಗೂ ಗೊತ್ತಾಗಿಲ್ಲ.

ಆ ವರ್ಷದ ಕೊನೆಗೆ ಎರಡನೇ ಸಲ ಸ್ಟ್ರೋಕ್ ಆಯಿತು. ಆಸ್ಪತ್ರೆಗೆ ಮುಟ್ಟಿಸುವ ಮೊದಲೇ ಹೋದರು. ಉತ್ತರಕ್ರಿಯೆಯ ದಿನ ನಾನು ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಒಳಗೆ ಪುರೋಹಿತರು ಹೇಳುತ್ತಿದ್ದದ್ದು ನನಗೆ ಅರ್ಥವಾಗುತ್ತಿತ್ತು. ಸುತ್ತ ಕೂತವರಲ್ಲಿ ಹೆಚ್ಚಿನವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದದ್ದರಿಂದ ನನಗೇನೂ ಹೆಚ್ಚು ಸಿಗಲಿಲ್ಲ. ಊಟವಾದ ಮೇಲೆ ಮೇಡಂ ಬಂದು ಪಕ್ಕದಲ್ಲಿ ಕೂತರು.

“ನೀನು ಆ ಭಾಷೆ ಓದಿದವಳು. ಅವರು ಅಷ್ಟು ಹೇಳ್ತಿದ್ರಲ್ಲ, ಅದರಲ್ಲಿ ನಮಗೆ ಅಂತ ಏನಾದ್ರೂ ಇತ್ತಾ?”

ಇತ್ತು ಎಂದು ಹೇಳಬಹುದಿತ್ತು. ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

“ಇಲ್ಲ ಮೇಡಂ” ಎಂದೆ. ಅವರು ತಲೆಯಾಡಿಸಿದರು. ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತೆಂದು ತೋರುತ್ತದೆ.

ಇದಾಗಿ ನಾಲ್ಕು ವರ್ಷವಾಯಿತು. ಎಂಎಗೆ ಅಂಚೆ ಮೂಲಕ ಸೇರಿ, ಮೊದಲ ವರ್ಷದ ಪರೀಕ್ಷೆ ಬರೆದು, ಅಲ್ಲಿಗೇ ಬಿಟ್ಟೆ. ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಸಂಸ್ಕೃತದ ಟ್ಯೂಷನ್ ಮಾಡುತ್ತೇನೆ. ಚೆನ್ನಾಗಿ ನಡೆಯುತ್ತದೆ, ನನ್ನಲ್ಲಿ ಬಂದವರಿಗೆ ಔಟ್ ಆಫ್ ಔಟ್ ಬರುತ್ತದೆ. ಮೊದಮೊದಲು ಅರ್ಥ ಹೇಳಲು ಹೋಗುತ್ತಿದ್ದೆ. “ಅರ್ಥ ಬೇಡ ಟೀಚರ್, ಅದು ಎಕ್ಸಾಮಿಗೆ ಬರುವುದಿಲ್ಲ” ಎಂದಳು ಒಬ್ಬಳು, ಜಂಬದಿಂದಲ್ಲ, ನನಗೆ ಸಹಾಯ ಮಾಡುವ ಹಾಗೆ. ಈಗ ಹೇಳುವುದಿಲ್ಲ. ಅಪ್ಪನಿಗೆ ಸಂತೋಷ ಉಂಟು. ಟೀಚರ್ ಆಗ್ತೇನೆ ಹೇಳಿದ್ದಳು, ಆದಳು ಎಂದು ಗಿರಾಕಿಗಳಿಗೆ ಹೇಳುತ್ತಾರೆ.

ಕಳೆದ ತಿಂಗಳು ಮೇಡಂ ಫೋನ್ ಮಾಡಿದರು. ಅವರು ಮನೆ ಖಾಲಿ ಮಾಡಿ ದೂರದ ಊರಿನಲ್ಲಿರುವ ಮಗಳ ಹತ್ತಿರ ಹೋಗುವವರಿದ್ದರು. ಮೇಷ್ಟ್ರ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಕ್ಕಿದೆ, ಅವರದೇ ಕೈಬರಹ, ಸಂಸ್ಕೃತದಲ್ಲಿದೆ, ಎಂತ ಅಂತ ನೋಡಿ ಹೇಳ್ತೀಯಾ ಎಂದರು. ಹೋದೆ. ಕಟ್ಟಿಟ್ಟ ರಟ್ಟಿನ ಡಬ್ಬಗಳ ನಡುವೆ ನೆಲದ ಮೇಲೆ ಕೂತು ಕಾಗದ ಬಿಡಿಸಿದೆ. ಒಂದೂವರೆ ಪುಟ. ಎಲ್ಲೂ ಓದಿದ ನೆನಪಿಲ್ಲದ ಗದ್ಯ. ಯಾವುದರ ಪ್ರತಿಯೂ ಅಲ್ಲ, ಅವರೇ ಕೂತು ಬರೆದದ್ದು ಎಂದು ಅಲ್ಲಲ್ಲಿ ಹೊಡೆದು ಹಾಕಿದ ಪದಗಳಿಂದ ಗೊತ್ತಾಗುತ್ತಿತ್ತು.

ಓದಲು ಶುರು ಮಾಡಿದೆ. ಪದಗಳು ಪರಿಚಯದವು. ‘ಗೃಹ’ ಎಂದಿತ್ತು, ‘ಭಯ’ ಎಂದಿತ್ತು. ಎರಡನೇ ಸಾಲಿನಲ್ಲಿ ಒಂದು ಉದ್ದದ ಸಮಾಸ. ಬಿಡಿಸಲು ನೋಡಿದೆ, ಆಗಲಿಲ್ಲ. ಅದನ್ನು ಬಿಟ್ಟು ಕ್ರಿಯಾಪದ ಹುಡುಕಿದೆ, ಯಾವ ಕಾಲ, ಯಾರು ಕರ್ತೃ ಎಂದು ಹಿಡಿಯಲಾಗಲಿಲ್ಲ. ಮತ್ತೆ ಮೊದಲಿನಿಂದ ಬಂದೆ. ಪದಗಳು ಬಿಡಿಬಿಡಿಯಾಗಿ ನಿಂತವು, ಒಂದು ವಾಕ್ಯವೂ ಆಗಲಿಲ್ಲ. ಎಂಎ ಬಿಟ್ಟ ಮೇಲೆ ಇಷ್ಟು ವರ್ಷ ಪಠ್ಯದ ಅವೇ ಉತ್ತರಗಳನ್ನು ಹೇಳಿಸುತ್ತಾ, ಹೊಸದೊಂದು ಸಾಲನ್ನೂ ಓದದೆ ಇದ್ದ ಹೊತ್ತಿನಲ್ಲಿ ಅದು ನನ್ನಿಂದ ಹೋಗಿಬಿಟ್ಟಿತ್ತು. ಯಾವಾಗ ಹೋಯಿತು ಎಂದು ನನಗೇ ತಿಳಿದಿರಲಿಲ್ಲ.

ಮೇಡಂ ಎದುರಿಗೆ ನಿಂತು ಕಾಯುತ್ತಿದ್ದರು.

“ಎಂತ ಬರೆದಿದ್ದಾರೆ?”

“ಪಾಠದ ಟಿಪ್ಪಣಿ” ಎಂದೆ.

“ಅಷ್ಟೇಯಾ?”

“ಅಷ್ಟೇ ಮೇಡಂ.”

ಅವರು ಕಾಗದ ಮಡಚಿ ಹಳೆಯ ಪೇಪರುಗಳ ರಾಶಿಗೆ ಹಾಕಲು ಹೋದರು. ನನಗಿರಲಿ ಎಂದು ಕೇಳಿ ಇಸಿದುಕೊಂಡೆ. ಅದು ಈಗ ನನ್ನ ಬ್ಯಾಗಿನಲ್ಲಿದೆ. ಓದಿ ಹೇಳುವವರು ಊರಿನಲ್ಲಿ ಇನ್ನೂ ಇಬ್ಬರು ಮೂವರು ಇದ್ದಾರೆ, ಅವರ ಮನೆಯೂ ಗೊತ್ತು. ತೆಗೆದುಕೊಂಡು ಹೋಗಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ. ಹೋದರೆ, ಮೇಷ್ಟ್ರ ಬಳಿ ಮೂರು ವರ್ಷ ಓದಿದವಳು ನೀನೇ ಅಲ್ಲವಾ ಎಂದು ಕೇಳುತ್ತಾರೆ. ಇನ್ನೂ ಹೋಗಿಲ್ಲ.